ಐದನೆಯ ಪಾವಟಿಗೆ

ಕಾನೂನು ಓದುವ ಕೊನೆಯ ವರ್ಷ ನನ್ನ ಪಾಲಿಗೆ ಬಂದ ಮೊದಲ ಕಕ್ಷಿದಾರ ಎಲ್ಲೂ ಇಲ್ಲದ ಮನುಷ್ಯ. ಹೆಂಡತಿಯನ್ನು ಬಾವಿಗೆ ನೂಕಿದ ಆರೋಪ ಅವನ ಮೇಲಿತ್ತು. ಅವನನ್ನು ನಮ್ಮ ಸರ್ ಕಾಗದದ ಮೇಲೆ ಹುಟ್ಟಿಸಿದ್ದರು. ಕಾಗದದ ಮೇಲೆಯೇ ನಾನು ಅವನನ್ನು ಬಿಡಿಸಬೇಕಿತ್ತು.

ಕಾಲೇಜು ಇದ್ದ ಊರಿನ ಹೆಸರು ಬೇಡ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದರ ನಡುವೆ ಎಲ್ಲೋ ಅಂದುಕೊಂಡರೆ ಸಾಕು. ನಾನು ಕಾಗವಾಡದ ಕಡೆಯ ಹಳ್ಳಿಯವಳು. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ನಮ್ಮ ಓಣಿಯಿಂದ ಕಾನೂನು ಓದಲು ಹೋದ ಮೊದಲ ಹುಡುಗಿ ನಾನು. ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ಅವ್ವ ಬುದ್ಧನ ಫೋಟೋದ ಮುಂದೆ ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ನನ್ನ ಡಬ್ಬಿ ಕೈಗೆ ಕೊಡುತ್ತಿದ್ದಳು.

ನಮ್ಮ ತರಗತಿಯಲ್ಲಿ ಎಲ್ಲ ವಯಸ್ಸಿನವರೂ ಇದ್ದರು. ಒಬ್ಬರು ನಿವೃತ್ತ ಹವಾಲ್ದಾರರು, ಇಬ್ಬರು ಶಾಲೆಯ ಮಾಸ್ತರರು, ಉಳಿದವರು ನನ್ನಂಥ ಹುಡುಗ ಹುಡುಗಿಯರು. ಅಪರಾಧ ಕಾನೂನು ಹೇಳಿಕೊಡುತ್ತಿದ್ದ ಸರ್ ಮೊದಲು ಹತ್ತಿರದ ಕೋರ್ಟಿನಲ್ಲಿ ವಕೀಲಿ ಮಾಡಿ ಬಿಟ್ಟು ಬಂದವರು. ಕಾನೂನು ಹೊಸದಾಗಿ ಬದಲಾಗಿತ್ತಲ್ಲ, ಅವರು ರೂಢಿಯಿಂದ ಹಳೆಯ ಸೆಕ್ಷನ್ ಹೇಳಿ, ತಡೆದು, ಹೊಸ ನಂಬರ್ ಹೇಳುತ್ತಿದ್ದರು. ನಾವು ಪುಟದ ನಡುವೆ ಗೆರೆ ಎಳೆದು ಎರಡನ್ನೂ ಬರೆದುಕೊಳ್ಳುತ್ತಿದ್ದೆವು.

ಕೊನೆಯ ವರ್ಷ ಎಲ್ಲರೂ ಅಣಕು ನ್ಯಾಯಾಲಯದಲ್ಲಿ ವಾದ ಮಾಡಲೇಬೇಕು. ಅದಕ್ಕೆ ಅಂಕಗಳುಂಟು, ಕೊನೆಗೆ ಬಹುಮಾನದ ಸ್ಪರ್ಧೆಯೂ ಉಂಟು. ಸರ್ ಕೊಟ್ಟ ಪ್ರಕರಣ ಎರಡು ಪುಟದ್ದು, ಮೇಲೆ ‘ಕಾಲ್ಪನಿಕ’ ಎಂದು ಬರೆದಿತ್ತು. ಮದುವೆಯಾಗಿ ಎರಡು ವರ್ಷವಾದ ಒಬ್ಬ ಹೆಣ್ಣುಮಗಳು ಬೆಳಿಗ್ಗೆ ತೋಟದ ಬಾವಿಗೆ ನೀರಿಗೆ ಹೋದಳು, ವಾಪಸು ಬರಲಿಲ್ಲ. ಬಾವಿಯಲ್ಲಿ ಕೊಡ ತೇಲುತ್ತಿತ್ತು. ಮೂರನೆಯ ಮೆಟ್ಟಿಲ ಮೇಲೆ ಒಂದು ಚಪ್ಪಲಿ ಇತ್ತು, ಇನ್ನೊಂದು ಸಿಗಲಿಲ್ಲ. ಗಂಡ ನೂಕಿದನೇ, ಆಕೆ ತಾನೇ ಹಾರಿದಳೇ, ಕಾಲು ಜಾರಿ ಬಿದ್ದಳೇ? ಸರ್ಕಾರದ ಪರ ವಾದ ನಿಪ್ಪಾಣಿಯ ನನ್ನ ಗೆಳೆಯನಿಗೆ ಬಂತು. ಅವನು ತಂಬಾಕಿನ ವ್ಯಾಪಾರ ಮಾಡುವ ಮುಸ್ಲಿಂ ಮನೆತನದ ಹುಡುಗ, ಒಂದೇ ಉಸಿರಿಗೆ ಕನ್ನಡ, ಮರಾಠಿ, ಉರ್ದು ಮೂರನ್ನೂ ಆಡುತ್ತಿದ್ದ. ಗಂಡನ ಪರ ವಾದ ನನಗೆ ಬಂತು. ಬೇರೆ ಕೊಡಿ ಸರ್ ಎಂದು ಕೇಳಿದೆ. ಬಂದ ಫೈಲನ್ನು ನಡೆಸುವುದನ್ನು ಮೊದಲು ಕಲಿ ಎಂದರು.

ನಾಲ್ಕು ಗಂಟೆಗೆ ತರಗತಿ ಮುಗಿದ ಮೇಲೆ ಮೇಲ್ಮಹಡಿಯ ಉದ್ದನೆಯ ಒಂದು ಹಾಲಿನಲ್ಲಿ ನಾವಿಬ್ಬರೂ ಅಭ್ಯಾಸಕ್ಕೆ ನಿಲ್ಲುತ್ತಿದ್ದೆವು. ಮುಂದೆ ನ್ಯಾಯಾಧೀಶರ ಎತ್ತರದ ಮೇಜು, ಪಕ್ಕದಲ್ಲಿ ಕಟಕಟೆ, ಎದುರಿಗೆ ಹದಿನೈದು ಸಾಲು ಬೆಂಚು. ಕಬ್ಬು ನುರಿಸುವ ಕಾಲ. ಕಾರ್ಖಾನೆಯ ಕಡೆಯಿಂದ ಸಿಹಿಯೂ ಕೊಳೆತದ್ದೂ ಸೇರಿದ ವಾಸನೆ ಬರುತ್ತಿತ್ತು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಐದೂವರೆಗೆಲ್ಲ ಹಿಂದಿನ ಬೆಂಚುಗಳ ಮೇಲೆ ಕತ್ತಲು ಕೂತುಬಿಡುತ್ತಿತ್ತು.

ಆ ಹೆಂಗಸು ಅಲ್ಲಿ ಎಂದಿನಿಂದ ಕೂಡುತ್ತಿದ್ದಳೋ ಹೇಳಲಾರೆ. ನಾನು ಗಮನಿಸಿದ್ದು ಮೂರನೆಯ ದಿನವೋ ನಾಲ್ಕನೆಯ ದಿನವೋ. ಕೊನೆಯ ಬೆಂಚಿನ ಗೋಡೆ ಬದಿಗೆ ಕೂತು, ತೊಡೆಯ ಮೇಲೆ ವೈರಿನ ಚೀಲ ಇಟ್ಟುಕೊಂಡು, ತಲೆ ತುಂಬ ಸೆರಗು ಹೊದ್ದಿದ್ದಳು. ಐವತ್ತರ ಆಸುಪಾಸು. ಕಾಲೇಜಿನಲ್ಲಿ ಬಡವರಿಗೆ ಪುಕ್ಕಟೆ ಸಲಹೆ ಕೊಡುವ ಕಾನೂನು ನೆರವಿನ ಕೋಣೆ ಇತ್ತು, ಅಲ್ಲಿಗೆ ಬಂದವಳು ಕಾಲಿಗೆ ವಿಶ್ರಾಂತಿ ಕೊಡಲು ಕೂತಿರಬೇಕು ಎಂದುಕೊಂಡೆ. ಗೆಳೆಯ ಯಾರೋ ವಿದ್ಯಾರ್ಥಿಯ ತಾಯಿ ಎಂದುಕೊಂಡಿದ್ದ. ಅವಳು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ನಾವು ಮುಗಿಸುವ ಮೊದಲೇ ಎದ್ದು ಹೋಗಿರುತ್ತಿದ್ದಳು. ಬಾಗಿಲು ಕಿರುಗುಟ್ಟುವ ಬಾಗಿಲು, ಆದರೂ ಅವಳು ಎದ್ದು ಹೋದ ಸದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಒಂದು ಸಂಜೆ ವಾದದ ನಡುವೆ ಅವಳ ಕಡೆ ನೋಡಿದೆ. ಅವಳ ತುಟಿಗಳು ಅಲುಗುತ್ತಿದ್ದವು. ನಾನು ನಿಲ್ಲಿಸಿದೆ, ಅವೂ ನಿಂತವು. ಮತ್ತೆ ಶುರು ಮಾಡಿದೆ, ಮತ್ತೆ ಅಲುಗಿದವು. ನನ್ನ ವಾದ ಅವಳಿಗೆ ಬಾಯಿಪಾಠವಾಗಿತ್ತು. ಒಂದೊಂದು ಮಾತು ನನಗಿಂತ ಒಂದು ಚೂರು ಮೊದಲೇ ಅವಳ ತುಟಿಗೆ ಬರುತ್ತಿತ್ತು.

“ಮೂರನೆಯ ಮೆಟ್ಟಿಲ ಮೇಲೆ ಚಪ್ಪಲಿ ಇತ್ತು” ಎಂದೆ.

“ಐದನೇ ಪಾವಟಿಗಿ” ಎಂದಳು ಅವಳು.

ಜೋರಾಗಿ ಹೇಳಲಿಲ್ಲ. ಪಾಠ ಒಪ್ಪಿಸುವ ಮಗುವಿನ ತಪ್ಪು ತಿದ್ದಿದ ಹಾಗೆ ಹೇಳಿದಳು. ನಮ್ಮ ಕಡೆ ಮೆಟ್ಟಿಲಿಗೆ ಪಾವಟಿಗೆ ಅನ್ನುವುದು. ನಾನು ಕೈಯಲ್ಲಿದ್ದ ಕಾಗದ ನೋಡಿದೆ, ಮೂರು ಅಂತಲೇ ಇತ್ತು. ತಲೆ ಎತ್ತುವಷ್ಟರಲ್ಲಿ ಬೆಂಚು ಖಾಲಿ.

ಗೆಳೆಯನನ್ನು ಕೇಳಿದೆ. ಅವನಿಗೂ ಕೇಳಿಸಿತ್ತು. ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಆ ಹೆಂಗಸು ನಮ್ಮಿಬ್ಬರಲ್ಲಿ ನನ್ನನ್ನಷ್ಟೇ ನೋಡುತ್ತಾಳೆ, ಅದರಲ್ಲೂ ನನ್ನ ಎಡಗೈಯನ್ನು. ನಾನು ಎಡಚಿ, ವಾದ ಮಾಡುವಾಗ ಎಡಗೈ ಎತ್ತಿ ಎತ್ತಿ ಮಾತಾಡುವುದು ನನ್ನ ಚಟ. ಹೊರಗೆ ಬಂದು ಕಾಲೇಜಿನ ಶಿಪಾಯಿಯನ್ನು ವಿಚಾರಿಸಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

“ನಿಮ್ಮ ಅವ್ವಾರಲ್ಲೇನ್ರಿ? ಹಂಗಂತನ ದಿನಾ ಒಳಗ ಬಿಡಾಕತ್ತೀನಿ. ನಿಮ್ಮ ಹಂಗ ಅದಾರ.”

ಮರುದಿನ ಸರ್ ಬಳಿ ಹೋಗಿ ಎಲ್ಲ ಹೇಳಿದೆ. ಐದನೆಯ ಪಾವಟಿಗೆ ಎಂದ ಕೂಡಲೇ ಅವರು ಬರೆಯುತ್ತಿದ್ದ ಪೆನ್ನಿಗೆ ಟೊಪ್ಪಿಗೆ ಹಾಕಿ ಕೆಳಗಿಟ್ಟರು. ಬಾಗಿಲು ಮುಂದೆ ಮಾಡಿ ಬಾ ಎಂದರು. ಪ್ರಕರಣ ಕಾಲ್ಪನಿಕ ಅಲ್ಲವಂತೆ. ಅವರು ವಕೀಲಿ ಮಾಡುತ್ತಿದ್ದಾಗ ಅವರ ಸೀನಿಯರ್ ಗಂಡನ ಪರ ನಡೆಸಿದ ಮೊಕದ್ದಮೆ ಅದು. ಗಂಡ ಬಿಡುಗಡೆಯಾಗಿದ್ದ. ಯಾರಿಗೂ ಗುರುತು ಸಿಗಬಾರದೆಂದು ಸರ್ ಊರು ತೆಗೆದಿದ್ದರು, ಹೆಸರು ತೆಗೆದಿದ್ದರು, ಐದು ಇದ್ದಲ್ಲಿ ಮೂರು ಎಂದು ಬರೆದಿದ್ದರು. ಆ ಹೆಂಗಸು ಸತ್ತವಳ ತಾಯಿಯೇ ಇರಬೇಕು ಎಂದರು. ಕೆಳಗಿನ ಕಾನೂನು ನೆರವಿನ ಕೋಣೆಯಲ್ಲಿ ಕೇಳಿದಾಗ ಅದು ಖಾತ್ರಿಯಾಯಿತು. ಮೇಲಿನ ಕೋರ್ಟಿಗೆ ಹೋಗಲು ಬರುತ್ತದೆಯೇ ಎಂದು ಕೇಳಲು ಅವಳು ಅಲ್ಲಿಗೆ ಬಂದಿದ್ದಳಂತೆ. ಗಡುವು ಮೀರಿದೆ ಎಂದು ಅವರು ತಿಳಿಸಿ ಹೇಳುತ್ತಿದ್ದಾಗ ಮೇಲಿನ ಕಿಟಕಿಯಿಂದ ಯಾರೋ ಬಾವಿ, ಕೊಡ, ಚಪ್ಪಲಿ ಎಂದು ಹೇಳುವುದು ಕೇಳಿಸಿದೆ. ದನಿ ಬಂದ ಕಡೆ ಎದ್ದು ನಡೆದಿದ್ದಾಳೆ.

ಆ ದನಿ ನನ್ನದು.

ಪ್ರಕರಣ ಬದಲಿಸುತ್ತೇನೆ ಎಂದರು ಸರ್. ಆದರೆ ಸ್ಪರ್ಧೆಗೆ ಒಂದು ವಾರವೂ ಇರಲಿಲ್ಲ, ಹೊರಗಿನಿಂದ ಬರುವ ವಕೀಲರಿಗೆ ಪ್ರತಿಗಳು ಹೋಗಿಬಿಟ್ಟಿದ್ದವು. ಅವರು ತಮ್ಮ ಹಳೆಯ ಕಪಾಟಿನಿಂದ ಆ ಮೊಕದ್ದಮೆಯ ತೀರ್ಪಿನ ಪ್ರತಿ ಹುಡುಕಿ ತಂದುಕೊಟ್ಟರು. ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಓದಿದೆ. ಪಂಚನಾಮೆ ಬಂತು, ಕೊಡ ಬಂತು, ವೈದ್ಯರ ಹೇಳಿಕೆ ಬಂತು. ಚಪ್ಪಲಿ ಬರಲೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ನೋಡಿದೆ. ಮೂರನೆಯದೂ ಇಲ್ಲ, ಐದನೆಯದೂ ಇಲ್ಲ. ಸರ್‌ಗೆ ಹೇಳಿದಾಗ ಅವರು ನಂಬಲಿಲ್ಲ. ತೀರ್ಪನ್ನು ನನ್ನ ಕೈಯಿಂದ ತೆಗೆದುಕೊಂಡು ಹಾಳೆ ತಿರುವಿದರು. ಫೋಟೋದಲ್ಲಿ ನೋಡಿದ್ದೆ, ಪಾಚಿಯ ಮೇಲೆ ಬಿದ್ದಿತ್ತು, ಕೆಂಪು ಪಟ್ಟಿ ಇತ್ತು ಎಂದರು. ತೀರ್ಪಿನ ಪ್ರಕಾರ ಅಂಥ ಫೋಟೋ ಕೋರ್ಟಿಗೆ ಬಂದೇ ಇರಲಿಲ್ಲ.

ಆಮೇಲೆ ಎರಡು ದಿನ ಹೆಂಗಸು ಬರಲಿಲ್ಲ. ಖಾಲಿ ಬೆಂಚಿನ ಕಡೆ ನೋಡುತ್ತ ವಾದ ಮಾಡುವುದು ಇನ್ನೂ ಕಷ್ಟವಾಯಿತು.

ಭಾನುವಾರ ಸೋದರಮಾವನ ತೋಟಕ್ಕೆ ಹೋದೆ, ರಾಯಬಾಗದ ಕಡೆ. ಅಲ್ಲಿ ಕಲ್ಲಿನ ಪಾವಟಿಗೆ ಇಟ್ಟು ಕಟ್ಟಿದ ಹಳೆಯ ಬಾವಿ ಇತ್ತು, ಈಗ ಮೋಟಾರು ಕೂಡಿಸಿದ್ದಾರೆ, ಯಾರೂ ಇಳಿಯುವುದಿಲ್ಲ. ಬಾವಿ ನೋಡದೆ ಬಾವಿಯ ಬಗ್ಗೆ ವಾದ ಮಾಡುತ್ತಿದ್ದೇನೆ ಎಂಬುದು ನನ್ನನ್ನು ಕೊರೆಯುತ್ತಿತ್ತು. ಹನ್ನೊಂದು ಗಂಟೆಯ ಬಿಸಿಲು. ಒಂದು, ಎರಡು, ಮೂರು ಎಂದು ಬಾಯಲ್ಲಿ ಎಣಿಸುತ್ತ ಇಳಿದೆ. ಬಾವಿಯ ಒಳಗೆ ನನ್ನ ಎಣಿಕೆ ಒಂದಿಷ್ಟು ತಡವಾಗಿ, ಒಂದಿಷ್ಟು ದಪ್ಪ ದನಿಯಲ್ಲಿ ವಾಪಸು ಬರುತ್ತಿತ್ತು. ಮೂರನೆಯದು ಒಣಗಿತ್ತು, ಬಿಸಿಯಾಗಿತ್ತು. ನಾಲ್ಕನೆಯದರ ಅಂಚಿನಿಂದ ಪಾಚಿ. ಐದನೆಯದು ನೀರಿಗೆ ತಾಗಿ ಹಸಿರಾಗಿ ಹೊಳೆಯುತ್ತಿತ್ತು.

ಆಗ ನನಗೆ ತಿಳಿಯಿತು. ಆ ಬಾವಿಯೂ ಹೀಗೇ ಇದ್ದಿರಬೇಕು. ಒಣಗಿದ ಮೂರನೆಯದರ ಮೇಲೆ ಚಪ್ಪಲಿ ಇದ್ದರೆ ಯಾರೋ ಬಿಟ್ಟದ್ದು. ಐದನೆಯದರ ಮೇಲೆ ಇದ್ದರೆ ಜಾರುವಾಗ ಕಾಲಿನಿಂದ ಕಳಚಿದ್ದು. ಆ ತಾಯಿ ತಿದ್ದಿದ ಒಂದು ಮಾತು ನನ್ನ ಕಕ್ಷಿದಾರನನ್ನು ಉಳಿಸುವ ಮಾತು. ತನ್ನ ಮಗಳನ್ನು ಕೊಂದ ಆರೋಪ ಹೊತ್ತವನ ವಕೀಲೆಗೆ ಅವಳು ಸಹಾಯ ಮಾಡುತ್ತಿದ್ದಳು.

ಅದನ್ನು ಯೋಚಿಸುತ್ತ ಕಾಲು ಕೆಳಗಿಡುವಾಗ ಗೋಡೆಯ ಸಂದಿಯಿಂದ ಪಾರಿವಾಳಗಳು ಒಮ್ಮೆಲೇ ಬರ್ರನೆ ಎದ್ದವು. ಬೆಚ್ಚಿ ಮೇಲೆ ನೋಡಿದೆ. ಪಾದ ಅರ್ಧ ಗೇಣು ಸರಿಯಿತು. ಗೋಡೆಗೆ ಕೂಡಿಸಿದ್ದ ಕಲ್ಲಿನ ಬಳೆ ಕೈಗೆ ಸಿಕ್ಕಿತು, ಉಳಿದುಕೊಂಡೆ. ಎಷ್ಟೋ ಹೊತ್ತು ಅದನ್ನು ಹಿಡಿದು ಅಲ್ಲೇ ಕೂತಿದ್ದೆ. ಯಾರಿಗೂ ಇದನ್ನು ಹೇಳಲಿಲ್ಲ.

ಸ್ಪರ್ಧೆಯ ದಿನ ಹಾಲ್ ತುಂಬಿತ್ತು. ನ್ಯಾಯಾಧೀಶರಾಗಿ ಇಬ್ಬರು ಹಿರಿಯ ವಕೀಲರು ಬಂದಿದ್ದರು. ಹೆಂಗಸು ಮೊದಲೇ ಬಂದು ಅದೇ ಜಾಗದಲ್ಲಿ ಕೂತಿದ್ದಳು. ಸರ್ ಅವಳನ್ನು ನೋಡಿ ಎದ್ದು ಹೋಗಿ ಏನೋ ಮಾತಾಡಿದರು. ಅವಳು ತಲೆ ಅಲ್ಲಾಡಿಸಿದಳು, ಏಳಲಿಲ್ಲ. ನನ್ನ ಗೆಳೆಯ ಚೆನ್ನಾಗಿ ವಾದ ಮಾಡಿದ. ಅವಳ ಕಡೆಗೆ ಬೆನ್ನು ಬರದ ಹಾಗೆ ಸ್ವಲ್ಪ ಓರೆಯಾಗಿ ನಿಂತಿದ್ದ, ಅದನ್ನು ನಾನೊಬ್ಬಳೇ ಕಂಡೆ.

ನನ್ನ ಸರದಿ ಬಂತು. ಹತ್ತು ನಿಮಿಷ ಸರಾಗವಾಗಿ ಹೋಯಿತು. ಆಮೇಲೆ ವಕೀಲರಲ್ಲಿ ಒಬ್ಬರು ಕನ್ನಡಕ ತೆಗೆದು, ಮೂರನೆಯ ಮೆಟ್ಟಿಲು ನೀರಿನಿಂದ ಮೇಲಿರುತ್ತದೆ, ಒಣಗಿರುತ್ತದೆ, ಅಲ್ಲಿ ಕಾಲು ಹೇಗೆ ಜಾರುತ್ತದೆ ಎಂದು ಕೇಳಿದರು.

ಹಿಂದೆ ಅವಳು ಎದ್ದು ನಿಂತಳು. ಬಲಗೈಯ ಐದೂ ಬೆರಳು ಬಿಡಿಸಿ ಎದೆಯ ಮುಂದೆ ಹಿಡಿದಳು. ಹಾಲಿನಲ್ಲಿ ಬೇರೆ ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಅಷ್ಟು ಜನರ ತಲೆಗಳ ಮೇಲಿಂದ ಆ ಬೆರಳುಗಳು ನನಗೆ ಕಾಣುತ್ತಿದ್ದವು. ದಾಖಲೆಯಲ್ಲಿ ಇಲ್ಲದ್ದನ್ನು ಹೇಳುವ ಹಾಗಿಲ್ಲ, ಅದು ನಮಗೆ ಮೊದಲ ದಿನವೇ ಕಲಿಸಿದ ನಿಯಮ. ಇದಕ್ಕೆ ದಾಖಲೆಯಲ್ಲಿ ಉತ್ತರವಿಲ್ಲ ಸ್ವಾಮಿ, ಉತ್ತರವಿಲ್ಲದ ಕಡೆ ಸಂಶಯದ ಲಾಭ ಆರೋಪಿಗೆ ಸಿಗಬೇಕು ಎಂದೆ. ನನ್ನ ದನಿ ನನಗೇ ಬಾವಿಯೊಳಗಿನಿಂದ ಬಂದ ಹಾಗೆ ಕೇಳಿಸಿತು. ಅವಳು ಕೈ ಇಳಿಸಿ ಕೂತಳು.

ಆರೋಪಿಯನ್ನು ಬಿಟ್ಟರು. ಬಹುಮಾನ ಗೆಳೆಯನಿಗೆ ಹೋಯಿತು, ಅವನು ಅದನ್ನು ತೆಗೆದುಕೊಂಡು ಬಂದು ಚೀಲದಲ್ಲಿ ತುರುಕಿ, ನಿಪ್ಪಾಣಿಯ ಬಸ್ಸು ಹತ್ತಿದ.

ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳು ನನಗಾಗಿ ವರಾಂಡದಲ್ಲಿ ಕಾಯುತ್ತಿದ್ದಳು. ಹತ್ತಿರದಿಂದ ನೋಡಿದರೆ ನನ್ನ ಹೋಲಿಕೆ ಏನೂ ಇರಲಿಲ್ಲ. ನನ್ನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು. ತನ್ನ ಮಗಳೂ ಎಡಚಿ, ರೊಟ್ಟಿ ಬಡಿಯುವುದೂ ಎಡಗೈಯಲ್ಲೇ, ಅದಕ್ಕೆ ಅತ್ತೆ ಬೈಯುತ್ತಿದ್ದಳು ಎಂದಳು. ಆಮೇಲೆ ಕೇಳಿದಳು.

“ಯವ್ವಾ, ಜಾರಿ ಬಿದ್ಲು ಅಂತ ನೀ ಹೇಳತಿಯಲ್ಲ, ಅದು ಖರೇನ?”

“ನನಗ ಗೊತ್ತಿಲ್ಲವ್ವಾ. ನಾ ಅಲ್ಲಿರಲಿಲ್ಲ.”

“ಕೋರ್ಟಿನ್ಯಾಗ ಮಾತಾಡಿದವರ್ಯಾರೂ ಅಲ್ಲಿರಲಿಲ್ಲ. ಅವರೆಲ್ಲಾ ಹೇಳ್ಯಾರ. ನೀನೂ ಹೇಳು.”

ಅವಳೇ ಮುಂದುವರಿಸಿದಳು. ಮಗಳು ಹಿಂದಿನ ದಿನ ಫೋನ್ ಮಾಡಿದ್ದಳಂತೆ, ಬರ್ತೀನಿ ಯವ್ವಾ ಎಂದಿದ್ದಳಂತೆ. ಅಮಾವಾಸ್ಯೆ ಮುಗಿಸಿಕೊಂಡು ಬಾ ಎಂದು ತಾಯಿ ಹೇಳಿದ್ದಳು. ಅಮಾವಾಸ್ಯೆಗೆ ಮೂರೇ ದಿನ ಇತ್ತು.

“ಅಂವ ನೂಕಿದ್ರ, ಅವನ ಕೈಯಾಗ ನಾನ ಬಿಟ್ಟಂಗಾತು. ತಾನ ಹಾರಿದ್ರ, ನಾನ ನೂಕಿದಂಗಾತು. ಜಾರಿದ್ರ…”

ಅವಳು ಕಣ್ಣು ಮುಚ್ಚಿಕೊಂಡು ಕಾಯುತ್ತ ನಿಂತಳು. ನಾನು ಹೇಳಿದೆ. ವಾದದ ಮಾತುಗಳಲ್ಲಿ ಹೇಳಲಿಲ್ಲ, ಮನೆಯಲ್ಲಿ ಹೇಳುವ ಹಾಗೆ ಹೇಳಿದೆ. ಬೆಳಗಿನ ಹೊತ್ತು, ಎಡಗೈಯಲ್ಲಿ ಕೊಡ, ಒಂದೊಂದೇ ಪಾವಟಿಗೆ ಇಳಿದಳು, ಐದನೆಯದರ ಮೇಲೆ ಪಾಚಿ ಇತ್ತು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಅವಳ ಮುಖ ಇನ್ನೂ ಕಾಯುತ್ತಿತ್ತು. ಗೋಡೆಯ ಸಂದಿಯಿಂದ ಪಾರಿವಾಳ ಹಾರಿದವು, ಆಕಿ ಬೆಚ್ಚಿ ಮೇಲೆ ನೋಡಿದಳು, ಕಾಲು ತಪ್ಪಿತು ಎಂದುಬಿಟ್ಟೆ.

“ಪಾರಿವಾಳ” ಎಂದಳು ಅವಳು ಕಣ್ಣು ತೆರೆಯದೆ. “ಹೌದು. ಆ ಬಾವ್ಯಾಗ ಪಾರಿವಾಳ ಅದಾವು.”

ಅವಳು ನನ್ನ ಕೈ ಬಿಟ್ಟು, ವೈರಿನ ಚೀಲ ಹೆಗಲಿಗೆ ಹಾಕಿಕೊಂಡು, ಬಿಸಿಲಿನಲ್ಲಿ ಗೇಟಿನ ಕಡೆ ನಡೆದಳು. ಆಮೇಲೆ ಕಾಲೇಜಿಗೆ ಬರಲಿಲ್ಲ. ಸರ್ ಆ ಎರಡು ಪುಟಗಳ ಪ್ರತಿಗಳನ್ನೆಲ್ಲ ವಾಪಸು ಕೇಳಿ ಹರಿದು ಹಾಕಿದರು. ಮುಂದಿನ ವರ್ಷದ ಹುಡುಗರಿಗೆ ಜಮೀನಿನ ವ್ಯಾಜ್ಯ ಕೊಟ್ಟರು ಎಂದು ಕೇಳಿದೆ.

ಪರೀಕ್ಷೆ ಮುಗಿದು, ವಕೀಲಿಯ ಸನ್ನದು ಸಿಕ್ಕಿ, ಚಿಕ್ಕೋಡಿಯಲ್ಲಿ ಒಬ್ಬ ಹಿರಿಯರ ಕೈಕೆಳಗೆ ಸೇರಿದೆ. ಒಂದು ವರ್ಷ ಕಳೆದಿರಬೇಕು. ಬೆಳಿಗ್ಗೆ ಹತ್ತರ ಸುಮಾರಿಗೆ ಊರಿನ ಬಸ್ಸಿನಿಂದ ಇಳಿದು, ಕರಿಕೋಟು ತೋಳಿನ ಮೇಲೆ ಹಾಕಿಕೊಂಡು ನಿಲ್ದಾಣ ದಾಟುತ್ತಿದ್ದೆ. ಸಿಮೆಂಟಿನ ಕಟ್ಟೆಯ ಮೇಲೆ ಕೂತವಳು ನನ್ನನ್ನು ಕರೆದಳು.

“ಬಾಯಾರ, ಯಡೂರ ಬಸ್ ಹೋತೇನ್ರಿ?”

ಅವಳೇ. ಬಡವಾಗಿದ್ದಳು, ಆದರೆ ಮುಖ ತಿಳಿಯಾಗಿತ್ತು. ನನ್ನನ್ನು ಗುರುತಿಸಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿದೆ ಎಂದೆ, ಪಕ್ಕದಲ್ಲಿ ಕೂತೆ. ಯಡೂರಿನ ಗುಡಿಗೆ ಹೊರಟಿದ್ದಳಂತೆ. ನನ್ನ ಕೋಟು ನೋಡಿ, ವಕೀಲರೇನ್ರಿ ಎಂದು ಕೇಳಿ, ತನ್ನ ಮಗಳ ವಿಷಯ ತಾನಾಗಿ ತೆಗೆದಳು. ಕೋರ್ಟಿನಲ್ಲಿ ಬಹಳ ದಿನ ನಡೆಯಿತು, ಯಾರದೂ ತಪ್ಪಿರಲಿಲ್ಲ, ಮಗಳು ಕಾಲು ಜಾರಿ ಬಿದ್ದಳು ಎಂದಳು. ಎಡಗೈಯಲ್ಲಿ ಕೊಡ. ಒಂದೊಂದೇ ಪಾವಟಿಗೆ. ಐದನೆಯದರ ಮೇಲೆ ಪಾಚಿ. ಸಂದಿಯಿಂದ ಪಾರಿವಾಳ ಹಾರಿದವು. ನಾನು ವರಾಂಡದಲ್ಲಿ ಎಲ್ಲಿ ಉಸಿರು ತೆಗೆದುಕೊಂಡಿದ್ದೆನೋ ಅವಳೂ ಅಲ್ಲಲ್ಲಿ ಉಸಿರು ತೆಗೆದುಕೊಂಡಳು.

ಇಷ್ಟೆಲ್ಲ ನಿಮಗೆ ಯಾರು ಹೇಳಿದರು ಎಂದು ಕೇಳಿದೆ. ಕೇಳಬಾರದಿತ್ತು.

“ಹೇಳೂದೇನ್ರಿ. ನಾ ಬಾವಿ ದಂಡಿ ಮ್ಯಾಲ ನಿಂತಿದ್ದೆ. ಕಣ್ಣಾರೆ ನೋಡೀನಿ. ಕೈ ಚಾಚಿದೆ, ಆಕಿ ಕೈ ಸಿಗಲಿಲ್ಲ.”

ಇಂಥ ಸಾಕ್ಷಿಯನ್ನು ಹೇಗೆ ಮುರಿಯಬೇಕೆಂದು ನನಗೆ ಕಲಿಸಿದ್ದಾರೆ. ನೀವು ಆ ದಿನ ಯಾವ ಊರಲ್ಲಿದ್ದಿರಿ, ಸುದ್ದಿ ಯಾರು ತಂದರು, ಎಷ್ಟು ಹೊತ್ತಿಗೆ ತಲುಪಿದಿರಿ ಎಂದು ಮೂರು ಪ್ರಶ್ನೆ ಸಾಕು. ನಾನು ಒಂದನ್ನೂ ಕೇಳಲಿಲ್ಲ.

ಯಡೂರಿನ ಬಸ್ಸು ಬಂತು. ಅವಳನ್ನು ಹತ್ತಿಸಿ, ಕಿಟಕಿ ಬದಿಯ ಸೀಟು ಹಿಡಿದುಕೊಟ್ಟು, ಗುಡಿಯ ಹತ್ತಿರ ಇಳಿಸಿ ಎಂದು ಕಂಡಕ್ಟರಿಗೆ ಹೇಳಿದೆ. ಪುಣ್ಯ ಬರ್ಲಿ ಬಾಯಾರ ಎಂದಳು. ಬಸ್ಸು ಹೋದ ಮೇಲೆ ನಾನು ಮತ್ತೆ ಅದೇ ಕಟ್ಟೆಯ ಮೇಲೆ ಕೂತೆ. ಸೀನಿಯರ್ ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ. ಮಧ್ಯಾಹ್ನದ ನಂತರ ಕೋರ್ಟಿಗೆ ಹೋದೆ.